ಬದಿಗೆ ಒರಗಿಸಿದ ಫರಸಿ

ಮಾರ್ಮಗೋವಾ
೨೨ ಏಪ್ರಿಲ್ ೧೯೬೯

ಚಿ. ಸೌ. ಅಮೃತಾಳಿಗೆ ಅಣ್ಣ ಶಿವರಾಯನ ಆಶೀರ್ವಾದ.

ನಿನ್ನ ಗಂಡ ಚಂದ್ರಾಮಪ್ಪ ಸುಖವಾಗಿ ಬಂದು ಮುಟ್ಟಿದ್ದಾನೆ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಮುಂದಿನದನ್ನು ನೀನು ನೆಟ್ಟಗೆ ಓದುವವಳಲ್ಲ. ಅವನು, ಬಂದೇಅಲಿ ಮತ್ತು ಖಣಿಯ ಉಳಿದ ಆಳುಗಳು ನಿನ್ನೆ ಸಂಜೆ ಗಾಡಿ ಇಳಿದರು. ಹಿಂದೆಯೇ ನೆಲಕ್ಕೆ ಹಾಸುವ ನಮ್ಮ ಫರಸಿ ಕಲ್ಲು ತುಂಬಿದ ವ್ಯಾಗನ್ನುಗಳೂ ಬಂದವು. ಹೊಟಗಿಯಲ್ಲಿ ದೊಡ್ಡ ಹಳಿಯ ಗಾಡಿಯಿಂದ ಸಣ್ಣ ಹಳಿಯ ಗಾಡಿಗೆ ಕಲ್ಲು ಬದಲಿಸುವಾಗ ಒಂದೂ ಮುರಿಯಲಿಲ್ಲವೆಂದು ಬಂದೇಅಲಿ ಮೀಸೆ ತಿರುವುತ್ತಿದ್ದ. ನಿನ್ನ ಗಂಡ ಸಮುದ್ರವನ್ನು ಬಹಳ ಹೊತ್ತು ನೋಡಿ, "ಇಷ್ಟ್ ನೀರು ಬಗಲಾಗ ಇಟಗೊಂಡು ಕುಂತಿದಿ, ಬ್ಯಾಸಗ್ಯಾಗ ನಮಗ ಒಂದು ಕೊಡ ಕಳಸಬಾರದೇನೋ ಶಿವರಾಯ" ಎಂದ. ಕುಡಿದು ನೋಡು ಅಂದೆ. ಕುಡಿದ, ಉಗುಳಿದ, ಆಮೇಲೆ ಕಳಿಸು ಅನ್ನಲಿಲ್ಲ.

ಊರಲ್ಲಿ ನನ್ನನ್ನು ಸಮುದ್ರ ಅಳೆಯುವವ ಎನ್ನುತ್ತಾರಂತೆ. ಸಮುದ್ರ ಅಳೆಯುವುದು ಬೇರೆಯವರ ಕೆಲಸ. ನಾನು ಹಡಗು ನೋಡುವವ. ಹಡಗಿನ ಮೂತಿಗೆ, ನಡುವಿಗೆ, ಬಾಲಕ್ಕೆ ಅಂಕಿ ಬರೆದಿರುತ್ತಾರೆ. ದೋಣಿಯಲ್ಲಿ ಸುತ್ತಿ, ನೀರು ಯಾವ ಅಂಕಿಗೆ ಮುಟ್ಟಿದೆ ಎಂದು ನೋಡಿ, ಒಳಗೆ ಎಷ್ಟು ಭಾರ ಬಿದ್ದಿದೆ ಎಂದು ಲೆಕ್ಕ ಹಾಕಬೇಕು. ಹಡಗಿನ ಹೊಟ್ಟೆಯೊಳಗೆ ಇಳಿದು ನೆಲ ಒಣಗಿದೆಯೇ, ಮೇಲಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಸರಕು ಅಲುಗಾಡದಂತೆ ಇಟ್ಟಿದ್ದಾರೆಯೇ ಎಂದು ನೋಡಬೇಕು. ಎಲ್ಲ ಸರಿ ಇದ್ದರೆ ಸರ್ಟಿಫಿಕೇಟಿಗೆ ಸಹಿ. ಆ ಸಹಿ ಬೀಳದೆ ಹಡಗು ಕದಲುವಂತಿಲ್ಲ. ನಮ್ಮ ದೊಡ್ಡ ಸರ್ವೇಯರ್ ಸಾಹೇಬರು ರಜೆಯ ಮೇಲೆ ಹೋಗಿದ್ದಾರೆ. ಹೀಗಾಗಿ ಈ ಹಡಗು ನನ್ನೊಬ್ಬನದೇ. ನಮ್ಮೂರ ಕಲ್ಲಿಗೆ, ಅದನ್ನು ಬಹರೈನಿನಲ್ಲಿ ಹಾಸಲು ನಮ್ಮ ಮನೆಯವನು ಹೋಗುವ ಹಡಗಿಗೆ ನನ್ನ ಮೊದಲ ಸಹಿ ಬೀಳುವುದೆಂದರೆ ನನಗೆ ಖುಷಿಯಾಗಿದೆ. ರಾತ್ರಿ ನಿದ್ದೆ ಮಾತ್ರ ಬರುತ್ತಿಲ್ಲ.

ಇಲ್ಲಿಯವರೆಗೆ ನಾನು ನೋಡಿದ್ದೆಲ್ಲ ಕಬ್ಬಿಣದ ಅದಿರು. ಅದನ್ನು ಸುರಿಯುತ್ತಾರೆ, ಮುಗಿಯಿತು. ಫರಸಿ ಇಲ್ಲಿ ಯಾರಿಗೂ ಗೊತ್ತಿಲ್ಲ. ಬಂದರಿನ ಕೂಲಿಗಳು ಅದನ್ನು ಒಂದರ ಮೇಲೊಂದು ಮಲಗಿಸಲು ಹೋದರು. ಬಂದೇಅಲಿ ಹಾರಿಬಿದ್ದ: "ಏ ಮಲಗಸಬ್ಯಾಡ್ರಿ, ತಳದಾಗಿನವು ಪುಡಿ ಆಗ್ತಾವ. ನಿಂದ್ರಸ್ರಿ." ಈಗ ನಮ್ಮವರೇ ಒಳಗಿಳಿದು ತುಂಬುತ್ತಿದ್ದಾರೆ. ಊರಲ್ಲಿ ವ್ಯಾಗನ್ನಿಗೆ ತುಂಬುವ ರೀತಿಯೇ: ಪ್ರತಿ ಕಲ್ಲನ್ನೂ ಅಂಚಿನ ಮೇಲೆ ನಿಲ್ಲಿಸಿ, ಎಡಗೋಡೆಗೆ ಒಂದು ಸಾಲು, ಬಲಗೋಡೆಗೆ ಒಂದು ಸಾಲು, ಉದ್ದಕ್ಕೆ ಒರಗಿಸುತ್ತ ಹೋಗುವುದು. ನೋಡಿದರೆ ಅಪ್ಪ ತುಂಬಿದ ವ್ಯಾಗನ್ ಕಂಡಂತಾಗುತ್ತದೆ.

ಒಂದು ಮಾತು ಕೇಳಬೇಕು. ಅಪ್ಪ ಯಾವಾಗಲೂ ಬದಿಗೇ ಯಾಕೆ ಒರಗಿಸುತ್ತಿದ್ದ? ಹಿಂದು ಮುಂದಿನ ಗೋಡೆಗೆ ಒರಗಿಸಿದ ಅಡ್ಡ ಸಾಲು ಕಂಡರೆ ಯಾಕೆ ಬೈಯುತ್ತಿದ್ದ? ನಾನು ಶಾಲೆ ಶಾಲೆ ಎಂದು ಹೊರಗೇ ಇದ್ದೆ, ಅವನಿಗೆ ಬುತ್ತಿ ಒಯ್ಯುತ್ತಿದ್ದವಳು ನೀನು. ನಿನ್ನ ಗಂಡನನ್ನು ಕೇಳಿದರೆ, "ಮಾವನೋರು ಹಂಗ ಕಲಿಸ್ಯಾರ, ಹಂಗ ಮಾಡ್ತೀವಿ" ಎನ್ನುತ್ತಾನೆ. ಕಾರಣ ಗೊತ್ತಿಲ್ಲದೆ ಮಾಡುವ ಕೆಲಸ ಕಂಡರೆ ನನಗೆ ಸಮಾಧಾನವಿಲ್ಲ. ಈ ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆ. ಮಳೆಗಾಲ ಬರುವ ಮೊದಲು ಹಡಗು ಬಹರೈನ್ ಮುಟ್ಟಬೇಕೆಂದು ಎಲ್ಲರಿಗೂ ಅವಸರ.

ನಿನ್ನ ಅಣ್ಣ
ಶಿವರಾಯ


ಮಾರ್ಮಗೋವಾ
೩ ಮೇ ೧೯೬೯

ಚಿ. ಸೌ. ಅಮೃತಾಳಿಗೆ ಆಶೀರ್ವಾದ.

ದಿನಾ ಟಪಾಲಿನ ಹೊತ್ತಿಗೆ ಆಫೀಸಿನ ಬಾಗಿಲಲ್ಲಿ ನಿಂತೆ, ನಿನ್ನ ಕಾಗದ ಬರಲಿಲ್ಲ. ಅತ್ತೆಯವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ.

ಹಡಗು ಇವತ್ತು ಮಧ್ಯಾಹ್ನ ಹೊರಟಿತು. ಏಜೆಂಟನು ಬೆಳಿಗ್ಗೆಯಿಂದ ನನ್ನ ಮೇಜಿನ ಮುಂದೆ ಕೂತಿದ್ದ. "ಇನ್ನೇನ್ ಬಾಕಿ ಅದ ಹೇಳ್ರಿ" ಎಂದ. ಒಂದೊಂದಾಗಿ ಮತ್ತೆ ಎಣಿಸಿದೆ. ನೀರಿನ ಅಂಕಿ ಸರಿ ಇತ್ತು. ಒಳಗಿನ ನೆಲ ಒಣಗಿತ್ತು. ಮುಚ್ಚಳಗಳ ಮೇಲೆ ನೀರು ಹೊಡೆಸಿ ನೋಡಿದೆ, ಹನಿ ಇಳಿಯಲಿಲ್ಲ. ಕಲ್ಲಿನ ಸಾಲುಗಳನ್ನು ಎರಡೂ ಕೈಯಿಂದ ನೂಕಿದೆ, ಒಂದೂ ಮಿಸುಕಲಿಲ್ಲ. ಹಡಗಿನ ಒಬ್ಬ ಅಧಿಕಾರಿ ಸಾಲುಗಳನ್ನು ನೋಡಿ ತಲೆ ಕೆರೆದುಕೊಂಡ. ನಮ್ಮೂರಲ್ಲಿ ಹೀಗೇ ತುಂಬುವುದು, ಒಂದು ಕಲ್ಲೂ ಬೀಳುವುದಿಲ್ಲ ಎಂದು ನಾನೇ ಹೇಳಿದೆ. ಸಹಿ ಮಾಡಿದೆ.

ಬಂದೇಅಲಿ ಮತ್ತು ನಿನ್ನ ಗಂಡ ಹಡಗಿನ ಮೇಲೆ ನಿಂತು ಕೈ ಬೀಸಿದರು. ಉಳಿದವರು ಊರಿಗೆ ಹೊರಟಿದ್ದಾರೆ. ಹತ್ತುವ ಮೊದಲು ಚಂದ್ರಾಮಪ್ಪ ನನ್ನನ್ನು ಬದಿಗೆ ಕರೆದು, "ಆಕಿ ನನ್ನ ಮುಂದ ಅಳಲಿಲ್ಲ. ಒಳಗ ಹೋಗಿ ಅತ್ತಿರಬೇಕು. ನೀ ಆಗಾಗ ಒಂದು ಕಾಗದ ಹಾಕ್ತಿರು" ಎಂದ. ಹಡಗು ಮುಂಬಯಿಯಲ್ಲಿ ನಿಂತು ಎಣ್ಣೆ ನೀರು ತುಂಬಿಕೊಂಡು, ಆಮೇಲೆ ನಡು ಸಮುದ್ರಕ್ಕೆ ಬೀಳುತ್ತದೆ. ನೀನು ಚಿಂತೆ ಮಾಡಬೇಡ.

ಶಿವರಾಯ


ಶಹಾಬಾದ
೪ ಮೇ ೧೯೬೯

ಅಣ್ಣನಿಗೆ ಅಮೃತಾ ಮಾಡುವ ಶರಣು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಬೇಕೆಂದೇ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು, ಕಾಗದವನ್ನು ಗೋಡೆಯ ಮಾಡದಲ್ಲಿ ದೀಪದ ಹಿಂದೆ ತುರುಕಿ ಇಟ್ಟೆ. ನಮ್ಮ ಮನೆಯವರಿಗೆ ಕಾರಣ ಗೊತ್ತಿಲ್ಲ ಎಂದು ಬರೆಯುತ್ತೀಯಲ್ಲ, ನಿನಗೆ ಗೊತ್ತಿದೆಯೇ? ಗೊತ್ತಿದ್ದರೆ ನನ್ನನ್ನೇಕೆ ಕೇಳುತ್ತಿದ್ದೆ? ನೀನು ನಾಲ್ಕಕ್ಷರ ಹೆಚ್ಚು ಕಲಿತೆ, ಒಪ್ಪಿದೆ. ಅಪ್ಪ ಕೆಮ್ಮಿ ಕೆಮ್ಮಿ ನೆಲ ಹಿಡಿದಾಗ ಅವನ ಖಣಿ ನೋಡಿಕೊಂಡವರು ಇವರು. ಕೆಲಸ ಕಲಿಸಿ, ಮೆಚ್ಚಿ, ಅಪ್ಪನೇ ನನ್ನನ್ನು ಇವರಿಗೆ ಕೊಟ್ಟದ್ದು. ಇವರ ಕೆಲಸದಲ್ಲಿ ಹುಳುಕು ಹುಡುಕುವ ಮೊದಲು ಅದನ್ನೊಂದು ನೆನಪಿಟ್ಟುಕೋ.

ಇವರು ಹೋದ ಮೇಲೆ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ರೊಟ್ಟಿ ಬಡಿಯಲು ಕೂತವಳು ನಡುವೆ ಎದ್ದು ಬಾಗಿಲಿಗೆ ಹೋಗುತ್ತೇನೆ, ಬಂದು ನೋಡಿದರೆ ಹಂಚಿನ ಮೇಲಿನದು ಕರಕಾಗಿರುತ್ತದೆ. ಗಾಡಿ ಕೂಗಿದರೆ ಮಾಳಿಗೆ ಹತ್ತುತ್ತೇನೆ. ಇವರು ಹೋಗುವುದು ಹಡಗಿನಲ್ಲಿ, ನಾನು ಗಾಡಿ ನೋಡಿ ಏನು ಬಂತು? ನಮ್ಮತ್ತೆ ಸಾಬಮ್ಮ ನಾಲವಾರದ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದರು. ಬಂದವರು ಸುಮ್ಮನಿರುವುದಿಲ್ಲ. "ನೀರಿನ ಮ್ಯಾಲ ಹೋಗಾಂವಗ ದಾರಿ ಹೆಂಗ ಕಾಣಸ್ತದವ್ವ?" ಎಂದು ನನ್ನನ್ನೇ ಕೇಳುತ್ತಾರೆ.

ಇನ್ನು ನೀನು ಕೇಳಿದ್ದು. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಶಂಟಿಂಗ್ ಮಾಡುವಾಗ ಅಡ್ಡ ಸಾಲಿಟ್ಟ ವ್ಯಾಗನ್ನಿನಲ್ಲಿ ಕಲ್ಲೆಲ್ಲ ಮಗುಚಿ ಬಿದ್ದವು. ಅಪ್ಪ ಅವತ್ತಿನಿಂದ ಅಡ್ಡ ಸಾಲು ಬಿಟ್ಟ. ಅವನ ಮಾತು ನನಗೆ ಬಾಯಿಪಾಠವಿದೆ: "ಇಂಜಿನ್ ಜಗ್ಗೂದು ಮುಂದಕ್ಕ, ಢಿಕ್ಕಿ ಹೊಡಿಯೂದು ಹಿಂದಕ್ಕ. ಬಾಜೂಕಿಂದ ವ್ಯಾಗನ್ನಿಗಿ ಯಾರೂ ನೂಕಂಗಿಲ್ಲ. ಅದಕ್ಕ ಕಲ್ಲಿನ ಮಾರಿ ಬಾಜೂಕ ಇರಬೇಕು." ಇಷ್ಟೇ. ಇದಕ್ಕಾಗಿ ಅಷ್ಟು ದೊಡ್ಡ ಕಾಗದ ಬೇಕಿತ್ತೇ?

ಇನ್ನೊಂದು ಮಾತು, ಇವರಿಗೆ ಹೇಳಬೇಡ. ನನಗೆ ಈಗ ನಾಲ್ಕು ತಿಂಗಳು. ಹೇಳಿದ್ದರೆ ಇವರು ಹೊರಡುತ್ತಿರಲಿಲ್ಲ. ಅಪ್ಪನ ಹಾಗೆ ಇವರೂ ಖಣಿಯ ಧೂಳು ನುಂಗಿ ಹೋಗುವುದು ನನಗೆ ಬೇಡ. ಫರಸಿ ಹಾಸುವ ಮೇಸ್ತ್ರಿಯೆಂದು ಹೆಸರು ಮಾಡಿಕೊಂಡು ಬರಲಿ, ಖಣಿಗೆ ಇಳಿಯುವುದು ತಪ್ಪಲಿ. ನಾನೇ ಒತ್ತಿ ಒತ್ತಿ ಕಳಿಸಿದೆ.

ಅಮೃತಾ


ಮಾರ್ಮಗೋವಾ
೯ ಮೇ ೧೯೬೯

ಅಮೃತಾ,

ಈ ಕಾಗದವನ್ನು ನಾನು ಟಪಾಲಿಗೆ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ.

ನಿನ್ನ ಕಾಗದ ನಿನ್ನೆ ಬಂತು. ಅಪ್ಪನ ಮಾತನ್ನು ಎರಡು ಸಲ ಓದಿದೆ. ಬಾಜೂಕಿಂದ ವ್ಯಾಗನ್ನಿಗೆ ಯಾರೂ ನೂಕುವುದಿಲ್ಲ, ನಿಜ. ಹಡಗಿಗೆ ಸಮುದ್ರ ನೂಕುವುದೇ ಬಾಜೂಕಿಂದ. ವ್ಯಾಗನ್ ಹಿಂದೆ ಮುಂದೆ ಜಗ್ಗುತ್ತದೆ, ಹಡಗು ಎಡಕ್ಕೆ ಬಲಕ್ಕೆ ಹೊರಳುತ್ತದೆ. ಎಡಕ್ಕೆ ಹೊರಳಿದಾಗ ಬಲಗೋಡೆಗೆ ಒರಗಿದ ಸಾಲು ನೆಟ್ಟಗೆ ಏಳುತ್ತದೆ, ಇನ್ನಷ್ಟು ಹೊರಳಿದರೆ ನಡುವಿಗೆ ಮಗುಚಿ ಬೀಳುತ್ತದೆ. ಅಷ್ಟು ಕಲ್ಲು ಒಂದೇ ಕಡೆ ಬಿದ್ದರೆ ಹಡಗು ಮತ್ತೆ ನೆಟ್ಟಗಾಗುವುದಿಲ್ಲ. ಹಡಗಿಗೆ ಅಡ್ಡ ಸಾಲೇ ಬೇಕಿತ್ತು. ಹಡಗು ಹೊರಳುತ್ತದೆಂದು ನನಗೆ ಗೊತ್ತಿಲ್ಲವೇ? ಅದೇ ನನ್ನ ಅನ್ನ. ಆದರೆ ಆ ಸಾಲುಗಳನ್ನು ಕಂಡಾಗ ನನಗೆ ಹಡಗು ಕಾಣಲೇ ಇಲ್ಲ, ಅಪ್ಪನ ವ್ಯಾಗನ್ ಕಂಡಿತು.

ಓಡಿಹೋಗಿ ಏಜೆಂಟನಿಗೆ ನನ್ನ ಸರ್ಟಿಫಿಕೇಟ್ ತಪ್ಪು ಎಂದೆ. ಹಡಗು ಮುಂಬಯಿ ಬಿಟ್ಟಾಗಿತ್ತು. ವೈರ್‌ಲೆಸ್ ಮೂಲಕ ಸುದ್ದಿ ಕಳಿಸಿದ್ದೇವೆ: ಅಲೆಗೆ ಎದುರಾಗಿ ನಿಧಾನ ನಡೆಸಿ, ಹತ್ತಿರದ ಬಂದರಿಗೆ ತಿರುಗಿ, ಎರಡೂ ಸಾಲುಗಳಿಗೆ ಕೂಡಲೇ ಮರದ ತೊಲೆ ಕೊಟ್ಟು ಬಿಗಿಯಿರಿ. ಕೊನೆಗೆ ನಾನೇ ಒಂದು ಸಾಲು ಸೇರಿಸಿದೆ, ಶಹಾಬಾದಿನ ಇಬ್ಬರು ಹಡಗಿನಲ್ಲಿದ್ದಾರೆ, ಕಲ್ಲಿನ ಕೆಲಸ ಅವರಿಗೆ ಗೊತ್ತು ಎಂದು. ಚಂದ್ರಾಮಪ್ಪ ಅಲ್ಲಿದ್ದಾನೆ ಎಂಬುದೊಂದೇ ನನಗೆ ಧೈರ್ಯ.

ನಿನ್ನ ಎಂಟು ದಿನದ ಸಿಟ್ಟಿನಿಂದ ಏನು ತಪ್ಪಿಹೋಯಿತು ಎಂದು ನಿನಗೆ ನಾನು ಯಾವತ್ತೂ ಹೇಳಲಾರೆ. ಉತ್ತರ ಬರುವ ತನಕ ಸಹಿ ತಡೆಯಬೇಕಾದವನು ನಾನು.


ಮಾರ್ಮಗೋವಾ
೯ ಮೇ ೧೯೬೯

ಚಿ. ಸೌ. ಅಮೃತಾಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಅಪ್ಪನ ಮಾತು ಬರೆದು ತಿಳಿಸಿದ್ದಕ್ಕೆ ಬಹಳ ಉಪಕಾರವಾಯಿತು. ನೀನು ಬೈದದ್ದು ಸರಿಯೇ. ಒಳ್ಳೆಯ ಸುದ್ದಿ ಕೇಳಿ ಸಂತೋಷವಾಯಿತು, ಮೈ ಜೋಪಾನ, ಕೊಡ ಹೊರಬೇಡ. ಹಡಗಿನದು ಹೊಸ ಸುದ್ದಿಯೇನೂ ಇಲ್ಲ. ಇಲ್ಲಿ ಎಲ್ಲ ಸೌಖ್ಯ.

ಶಿವರಾಯ


ಶಹಾಬಾದ
೧೬ ಮೇ ೧೯೬೯

ಅಣ್ಣನಿಗೆ ಶರಣು.

ನಿನಗೆ ಏನಾಗಿದೆ? ಹುಟ್ಟಿದಾಗಿನಿಂದ ಯಾರಿಗೂ ಉಪಕಾರವಾಯಿತು ಎಂದವನಲ್ಲ. ನಾನು ಅಷ್ಟು ಬೈದರೂ ತಿರುಗಿ ಒಂದು ಮಾತಿಲ್ಲ. ಕಾಗದ ಓದಿ ನನಗೆ ಕೆಟ್ಟೆನಿಸಿತು. ಅಪ್ಪ ಹೇಗೆ ಕಲ್ಲು ಇಡುತ್ತಿದ್ದ, ಏನನ್ನುತ್ತಿದ್ದ ಎಂದು ನೀನು ಕೇಳಿದ್ದು ಅಪ್ಪನ ನೆನಪಾಗಿ ಎಂದು ಈಗ ತಿಳಿಯಿತು. ಒಬ್ಬನೇ ಇದ್ದು ಇದ್ದು ಹೀಗಾಗಿದ್ದೀಯ. ಚಿತ್ತಾಪುರದಲ್ಲಿ ಅತ್ತೆಯ ಕಡೆಯವರ ಒಂದು ಕನ್ಯೆ ಇದೆ, ಹೆಸರು ಚಂದಮ್ಮ, ಕಣ್ಣು ಮೂಗು ಲಕ್ಷಣವಾಗಿದೆ, ಬಾಯಿ ಮಾತ್ರ ನನಗಿಂತ ಜೋರು. ನೀನು ಹೂಂ ಅಂದರೆ ಮಾತಾಡಿಸುತ್ತೇನೆ.

ಊರಿಗೆ ಮರಳಿದ ಆಳುಗಳನ್ನು ಕರೆದು ಕೇಳಿದೆ. ಅವರಲ್ಲಿ ಗುಲಾಮ ದಸ್ತಗೀರ ಮಾತ್ರ ನೆಟ್ಟಗೆ ಉತ್ತರ ಕೊಟ್ಟ: "ಹಡಗ ಭಾಳ ದೊಡ್ಡದದ ಅಕ್ಕ, ನಮ್ಮ ಸ್ಟೇಷನ್ ಪೂರಾ ಅದರಾಗ ಕುಂದರ್ತದ. ನೀವ್ಯಾಕ ಅಂಜತೀರಿ?" ಅವನು ಹೇಳಿದ ಮೇಲೆ ಒಂದು ದಿನ ಊಟ ಸೇರಿತು. ಮತ್ತೆ ಅದೇ ಕಥೆ. ಇಲ್ಲಿ ನಾಲ್ಕು ದಿನದಿಂದ ಗಾಳಿ ಹುಚ್ಚೆದ್ದು ಬೀಸುತ್ತಿದೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಪಕ್ಕದ ಮನೆ ಸೇರುತ್ತದೆ. ಸಮುದ್ರದಲ್ಲಿ ಹೇಗಿದೆಯೋ. ಹಡಗು ಮುಟ್ಟಿತೇ? ಒಂದೇ ಸಾಲು ಬರೆ, ಸಾಕು.

ಅಮೃತಾ


ಟೆಲಿಗ್ರಾಂ, ಮಾರ್ಮಗೋವಾದಿಂದ ಶಹಾಬಾದಕ್ಕೆ
೧೮ ಮೇ ೧೯೬೯

ಹಡಗು ಮುಂಬಯಿಗೆ ಮರಳಿದೆ. ಚಂದ್ರಾಮಪ್ಪ ಆಸ್ಪತ್ರೆಯಲ್ಲಿ. ಜೀವಕ್ಕೆ ಭಯವಿಲ್ಲ. ನೀನು ಹೊರಡಬೇಡ. ನಾನು ಹೊರಟಿದ್ದೇನೆ. ಶಿವರಾಯ.


ಮುಂಬಯಿ
೨೭ ಮೇ ೧೯೬೯

ಚಿ. ಸೌ. ಅಮೃತಾಳಿಗೆ ಆಶೀರ್ವಾದ.

ಬರೆಯಬೇಕಾದದ್ದನ್ನು ಬರೆದುಬಿಡುತ್ತೇನೆ. ಚಂದ್ರಾಮಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಬೇರೆ ದಾರಿ ಇರಲಿಲ್ಲವೆಂದು ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಜ್ವರ ಇಳಿದಿದೆ. ನಿನ್ನೆ ಗಂಜಿ ಬೇಡ, ಖಾರ ಹಚ್ಚಿದ ರೊಟ್ಟಿ ಬೇಕು ಎಂದ. ಬಂದೇಅಲಿಗೆ ಏನೂ ಆಗಿಲ್ಲ, ಅವನೇ ಹಗಲು ರಾತ್ರಿ ಹತ್ತಿರ ಕೂತಿರುತ್ತಾನೆ.

ಸಮುದ್ರ ಜೋರಾಗಿತ್ತು, ಹಡಗು ಬಹಳ ಹೊರಳಿತು, ಒಂದು ಕಡೆಯ ಕಲ್ಲು ಜಾರಿತು. ಹಾಗಾಗುವುದುಂಟು. ಯಾರೇನು ಮಾಡಲಾದೀತು? ನಿನ್ನ ಕಾಗದ ಬರುವ ಮೊದಲೇ ಹಡಗು ಹೊರಟಾಗಿತ್ತು, ಅದು ನಾಲ್ಕು ದಿನ ಮೊದಲು ಬಂದಿದ್ದರೂ ಏನೂ ಬೇರೆಯಾಗುತ್ತಿರಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈ ಸ್ಥಿತಿಯಲ್ಲಿ ನೀನು ಗಾಡಿ ಹತ್ತಬಾರದು. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಬಂದೇಅಲಿ ಕರೆತರುತ್ತಾನೆ. ಇಲ್ಲೇ ಹಡಗಿನ ವಿಚಾರಣೆ ಇದೆ, ನಾನು ಇರಬೇಕು. ಅದು ಮುಗಿದ ಮೇಲೆ ನೋಡೋಣ.

ಶಿವರಾಯ


ಶಹಾಬಾದ
೨೦ ಜೂನ್ ೧೯೬೯

ಅಣ್ಣನಿಗೆ,

ಇವರು ಮನೆಗೆ ಬಂದರು. ಸ್ಟೇಷನ್ನಿನಿಂದ ಬಂದೇಅಲಿ ಟಾಂಗಾದಲ್ಲಿ ಕರೆತಂದ, ಹೊಸ್ತಿಲು ದಾಟುವಾಗ ಎತ್ತಿಕೊಂಡ. ಅತ್ತೆ ಗೋಡೆ ಹಿಡಿದು ನಿಂತುಬಿಟ್ಟರು. ನಾನು ಅಳಲಿಲ್ಲ. ಇವರು ನನ್ನ ಹೊಟ್ಟೆ ನೋಡಿದರು, ಮುಖ ನೋಡಿದರು. "ಗೊತ್ತಿದ್ದರ ಹೋಗ್ತಿದ್ದಿಲ್ಲ ನಾ" ಎಂದರು. ಅಷ್ಟೇ ಅಂದದ್ದು. ಆಗ ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ನಾನು ನಿನ್ನನ್ನು ಕೇಳಿರಲೇ ಇಲ್ಲ, ಅಣ್ಣ. ನನ್ನ ಕಾಗದ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ನನ್ನ ಮನಸ್ಸಿನಲ್ಲೂ ಇರಲಿಲ್ಲ. ಕೇಳದ ಪ್ರಶ್ನೆಗೆ ನೀನು ಉತ್ತರ ಕೊಟ್ಟೆ, ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಬಂದೇಅಲಿ ಬಂದ ಮೇಲೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಎಲ್ಲ ಹೇಳದೆ ಏಳಬೇಡ ಎಂದೆ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದ.

"ತಂತಿ ಸುದ್ದಿ ಬಂತವ್ವ. ಕಪ್ತಾನ ನಮ್ಮಿಬ್ಬರಿಗಿ ಕರದು, ಶಹಾಬಾದದವರು ನೀವೇ ಏನ್ರಿ, ಕಲ್ಲಿನ ಕೆಲಸ ನಿಮಗ ಗೊತ್ತದಂತ ನಿಮ್ಮ ಸರ್ವೇಯರ್ ತಿಳಿಸ್ಯಾನ ಅಂದ. ಹಡಗಿನ ಮಂದಿ ಒಳಗ ಇಳೀಲಾಕ ತಯಾರಿಲ್ಲ, ಕಲ್ಲು ಕಟಕಟ ಅನ್ನಾಕತ್ತಿದ್ವು. ಚಂದ್ರಾಮಪ್ಪ ನನಗ ಅಂದ, ಶಿವರಾಯ ಹೇಳ್ಯಾನಂದ್ರ ಖರೇ ಇರ್ತದ, ಬಾ. ಎಡಗಡಿ ಸಾಲಿಗಿ ತೊಲಿ ಕೊಟ್ಟು ಬಿಗದ್ವಿ. ಬಲಗಡಿ ಅರ್ಧ ಆಗಿತ್ತು. ಅಷ್ಟರಾಗ ಹಡಗ ಹೊಳ್ಳಿತು. ನಾ ತೊಲಿ ತರಲಾಕ ಮ್ಯಾಲ ಹೋಗಿದ್ದೆ. ಬಲಗಡಿ ಕಲ್ಲು ಚಂದ್ರಾಮಪ್ಪನ ಕಾಲ ಮ್ಯಾಲ ಬಿದ್ವು. ಎಡಗಡಿ ನಿಂತಿತು, ಅದಕ್ಕ ಹಡಗ ಉಳೀತು. ಮಂದಿ ಎಲ್ಲಾ ಉಳದರು."

ವಿಚಾರಣೆಯ ಕೋಣೆಯಲ್ಲಿ ನೀನು ಎದ್ದು ನಿಂತು, ತುಂಬಿದವರ ತಪ್ಪಲ್ಲ, ನೋಡಿ ಸಹಿ ಹಾಕಿದ ನನ್ನ ತಪ್ಪು ಎಂದೆಯಂತೆ. ನಿನ್ನ ಸಹಿಯ ಅಧಿಕಾರ ಕಿತ್ತುಕೊಂಡರಂತೆ. ಇದನ್ನೂ ನೀನು ನನಗೆ ಬರೆಯಲಿಲ್ಲ.

ಈಗ ನನ್ನದನ್ನು ಕೇಳು. ನೀನು ಆ ಸುದ್ದಿ ಕಳಿಸದಿದ್ದರೆ ಹಡಗೇ ಹೋಗುತ್ತಿತ್ತು, ಅದರ ಜೊತೆ ಇವರೂ. ನನಗೆ ಅದು ತಿಳಿಯುತ್ತದೆ. ಆದರೆ ನೀನು ಇವರನ್ನು ತೋರಿಸಿಕೊಟ್ಟೆ, ಕಲ್ಲಿನ ಕೆಲಸ ಇವರಿಗೆ ಗೊತ್ತು ಎಂದು ಬರೆದೆ, ಇವರು ಇಳಿದರು. ಹಡಗಿನಲ್ಲಿ ಅಷ್ಟು ಜನರಿರುವಾಗ ನಿನಗೆ ಕಂಡದ್ದು ನನ್ನ ಗಂಡನೇ? ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಮಲಗುತ್ತೇನೆ. ನಡುರಾತ್ರಿ ಎಚ್ಚರಾದರೆ ದೀಪದ ಮಾಡ ಕಾಣುತ್ತದೆ, ಕಾಗದ ಅಲ್ಲಿ ಬಿದ್ದಿದ್ದ ದಿನಗಳು ನೆನಪಾಗುತ್ತವೆ. ನನ್ನ ಮೇಲೆ ಬರುವ ಸಿಟ್ಟು ಅದಕ್ಕಿಂತ ದೊಡ್ಡದು. ಎರಡನ್ನೂ ಎಲ್ಲಿಡಬೇಕೋ ನನಗೆ ತಿಳಿಯದಾಗಿದೆ.

ಇವರಿಗೆ ನಮ್ಮಿಬ್ಬರ ಮೇಲೂ ಸಿಟ್ಟಿಲ್ಲ, ಅದೇ ನನಗೆ ತಡೆಯಲಾಗುವುದಿಲ್ಲ. ಕುಕ್ಕರಗಾಲಲ್ಲಿ ಕೂರಲು ಬರದವನು ಫರಸಿ ಹೇಗೆ ಹಾಸಬೇಕು? ಬೆಳಿಗ್ಗೆ ಅಂಗಳದಲ್ಲಿ ಕೂರಲು ಹೋಗಿ ಎರಡು ಸಲ ಬಿದ್ದರು, ನಾನು ಕಂಡೂ ಕಾಣದ ಹಾಗೆ ಒಳಗೇ ಇದ್ದೆ. ದಿನಾ ಸಂಜೆಯಾದರೆ ಕೇಳುತ್ತಾರೆ, "ಶಿವರಾಯ ಯಾವಾಗ ಬರ್ತಾನ? ಪಾಪ, ಒಬ್ಬಾಂವೇ ಅಲ್ಲಿ ಏನ್ ಮಾಡಾಕತ್ತಾನೋ" ಎಂದು. ನಾನು ದೀಪ ಹಚ್ಚುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಬಾ ಅಣ್ಣ. ಅಲ್ಲಿ ನಿನಗೆ ಕೆಲಸವಿಲ್ಲ, ಇಲ್ಲಿ ಇವರು ನಿನ್ನ ದಾರಿ ನೋಡುತ್ತಿದ್ದಾರೆ. ನೀನು ಬಂದರೆ ನಾನು ಮಾತಾಡಲಿಕ್ಕಿಲ್ಲ. ರೊಟ್ಟಿ ಬಡಿದು ತಾಟಿಗೆ ಹಾಕುತ್ತೇನೆ, ಮುಖ ನೋಡಲಿಕ್ಕಿಲ್ಲ. ಎಷ್ಟು ದಿನ ಹಾಗಿರುತ್ತೇನೋ ನನಗೂ ಗೊತ್ತಿಲ್ಲ. ಅದಕ್ಕೆ ಬೇಸರ ಮಾಡಿಕೊಂಡು ಸಂಜೆಯ ಗಾಡಿಗೆ ತಿರುಗಿ ಹೋಗಬೇಡ.

ಅಮೃತಾ